ಒಂದೇ ಉಸಿರಿನ ವಾಕ್ಯ

ಕಾಪುವಿನಲ್ಲಿರುವ ನನ್ನ ಅಕ್ಕನ ಮನೆಯ ಅಡುಗೆಕೋಣೆಯಲ್ಲಿ, ಸಾಸಿವೆ, ಜೀರಿಗೆ, ಮೆಂತೆಗಳ ಸಾಲಿನಲ್ಲೇ, ಒಂದು ಚಿಕ್ಕ ಸ್ಟೀಲಿನ ಡಬ್ಬಿಯೊಳಗೆ ಆಕ್ಸಿಮೀಟರ್ ಎಂಬ ಯಂತ್ರವೊಂದು ವಾಸವಾಗಿದೆ. ನಿಮ್ಮ ಮನೆಯಲ್ಲೂ ಅದು ಎಲ್ಲೋ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ, ಸ್ನೇಹಿತರೇ. ಕೊರೋನಾ ಕಾಲದಲ್ಲಿ ಮನೆಮನೆಗೆ ಬಂದು, ಆಮೇಲೆ ಹೊರಡುವುದನ್ನೇ ಮರೆತ ಅತಿಥಿ ಅದು. ಬಟ್ಟೆ ಒಣಗಿಸುವ ಕ್ಲಿಪ್ಪಿಗೆ ತುಸು ವಿದ್ಯಾಭ್ಯಾಸ ಕೊಡಿಸಿದರೆ ಹೇಗಿದ್ದೀತೋ ಹಾಗಿರುವ ಈ ಉಪಕರಣ ಬೆರಳನ್ನು ಮೆಲ್ಲಗೆ ಕಚ್ಚಿ, ಉಗುರಿನ ಮೂಲಕ ಕೆಂಪು ಬೆಳಕೊಂದನ್ನು ಹಾಯಿಸಿ, ನಮ್ಮ ನೆತ್ತರು ಎಷ್ಟು ಪ್ರಾಣವಾಯುವನ್ನು ಹೊತ್ತುಕೊಂಡು ಓಡಾಡುತ್ತಿದೆ ಎಂದು ಅಂಕಿಯಲ್ಲಿ ತಿಳಿಸುತ್ತದೆ. ಅದು ಒಗ್ಗರಣೆಯ ಸಾಮಾನುಗಳ ನಡುವೆ ಬಂದು ಕೂತದ್ದಕ್ಕೆ ಒಂದು ಕತೆಯುಂಟು, ಆ ಕತೆಗೆ ಕಾರಣ ನನ್ನ ಭಾವ.

ಭಾವ ನಿವೃತ್ತ ಹೈಸ್ಕೂಲು ಮಾಸ್ಟ್ರು. ಅದಕ್ಕಿಂತ ಮಿಗಿಲಾಗಿ ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ, ಕೂತಲ್ಲೇ ನಡೆಯುವ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಶಾಲು ಹೊದ್ದು ಎದುರುಬದುರು ಕೂತು ಆ ಪದ್ಯಕ್ಕೆ ಪಾತ್ರದ ಬಾಯಲ್ಲಿ ಅರ್ಥ ಹೇಳುತ್ತಾರೆ, ಎದುರಾಳಿಯ ಅರ್ಥವನ್ನು ಕತ್ತರಿಸುತ್ತಾರೆ, ಬೆಳಗಾದರೂ ಬಿಡುವುದಿಲ್ಲ. ಈ ಕಲೆಯಲ್ಲಿ ಭಾವನಿಗೆ ಹೆಸರು ತಂದದ್ದು ಪಾಂಡಿತ್ಯಕ್ಕಿಂತ ಹೆಚ್ಚಾಗಿ ಶ್ವಾಸಕೋಶ. ಅವರು ಒಂದು ವಾಕ್ಯವನ್ನು ಹಿಡಿದರೆಂದರೆ ಉಪವಾಕ್ಯಗಳು, ಉಪಮೆಗಳು, ಉಪಮೆಗೊಂದು ಉಪಮೆ ಎಂದು ಅದು ಬೆಳೆಯುತ್ತ ಬೆಳೆಯುತ್ತ ಹೋಗಿ, ಎದುರಿನವರು ಮಧ್ಯೆ ಬಾಯಿ ಹಾಕಲು ಒಂದು ನಿಲುಗಡೆಗಾಗಿ ಕಾದು ಕಾದು ಕೊನೆಗೆ ತಾವೇ ಏದುಸಿರು ಬಿಡುವಂತಾಗುತ್ತದೆ. ಒಂದೇ ಉಸಿರಿನ ವಾಕ್ಯ ಎಂದು ಜನ ಅದನ್ನು ಕೊಂಡಾಡುತ್ತಾರೆ. ಅವರು ಯಾವ ಪಾತ್ರಕ್ಕೆ ಪ್ರಸಿದ್ಧರು ಎಂದು ಬರೆದರೆ ಉಡುಪಿಯಿಂದ ಕಾರ್ಕಳದವರೆಗೆ ಎಲ್ಲರಿಗೂ ಗುರುತು ಸಿಕ್ಕಿಬಿಡುತ್ತದೆ, ಹಾಗಾಗಿ ಅದನ್ನು ಬಿಟ್ಟಿದ್ದೇನೆ.

ವೇದಿಕೆಯ ಮೇಲಿನ ಶ್ವಾಸಕೋಶವನ್ನು ಮನೆಗೆ ಬಂದ ಮೇಲೆ ಗೂಟಕ್ಕೆ ನೇತುಹಾಕಲು ಆಗುವುದಿಲ್ಲವಲ್ಲ. ಮನೆಯಲ್ಲಿ ನಾವೆಲ್ಲ ಆಡುವುದು ತುಳು. ಭಾವ ಮಾತ್ರ ಹುಮ್ಮಸ್ಸು ಬಂದಾಗ ಕನ್ನಡಕ್ಕೆ ಹಾರುತ್ತಾರೆ, ಮತ್ತು ಅವರಿಗೆ ಹುಮ್ಮಸ್ಸು ಬಾರದ ಗಳಿಗೆಯನ್ನು ನಾನು ಕಂಡಿಲ್ಲ. ಅಕ್ಕ ಒಂದು ಮಾತು ಆರಂಭಿಸಿದರೆ ಸಾಕು, ಅದರ ಎರಡನೆಯ ಶಬ್ದವನ್ನೇ ಪದ್ಯವೆಂದು ಭಾವಿಸಿ ಅರ್ಥ ಹೇಳಲು ತೊಡಗುತ್ತಾರೆ. ದುಷ್ಟತನದಿಂದಲ್ಲ, ಪ್ರೀತಿಯಿಂದಲೇ. ಆದರೆ ಪ್ರೀತಿಯಿಂದ ತುಂಡರಿಸಿದರೂ ಮಾತು ತುಂಡೇ ಆಗುತ್ತದೆ. ಮದುವೆಯಾದಂದಿನಿಂದ ಅಕ್ಕನ ಎಷ್ಟು ವಾಕ್ಯಗಳು ಕ್ರಿಯಾಪದದ ಮುಖ ನೋಡದೆ ತೀರಿಕೊಂಡಿವೆಯೋ ದೇವರೇ ಬಲ್ಲ.

ಹೀಗಿರುವಾಗ ಒಂದು ಮಳೆಗಾಲದ ಆರಂಭದಲ್ಲಿ ಅಕ್ಕ ಪರ್ಕಳಕ್ಕೆ, ನನ್ನ ಕನ್ನಡಕದ ಅಂಗಡಿಗೆ ಬಂದಳು. ಮಸೂರ ಬದಲಿಸಬೇಕೆಂದು ನೆಪ. ಅಕ್ಷರಗಳ ಫಲಕವನ್ನು ಓದುವುದು ಬಿಟ್ಟು ಮೆಲ್ಲಗೆ ವಿಷಯ ತೆಗೆದಳು. ಕಾರ್ಕಳದ ಕೆಲವು ಹೆಂಗಸರು ಸೇರಿ ಒಂದು ತಾಳಮದ್ದಳೆಯ ತಂಡ ಕಟ್ಟಿದ್ದಾರೆ, ಅದರಲ್ಲಿ ಒಬ್ಬ ರಾಣಿಯ ಅರ್ಥ ಹೇಳಲು ತನ್ನನ್ನು ಕರೆದಿದ್ದಾರೆ, ನವರಾತ್ರಿಯವರೆಗೆ ಕಾಯುತ್ತೇವೆ ಎಂದಿದ್ದಾರೆ ಎಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು. ಭಾವ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತ ಅಭ್ಯಾಸ ಮಾಡಿದ್ದನ್ನೆಲ್ಲ ಒಳಗೆ ತೆಂಗಿನಕಾಯಿ ತುರಿಯುತ್ತ ಕೇಳಿಸಿಕೊಂಡವಳು ಅವಳು. ಪಾತ್ರಗಳೆಲ್ಲ ಅವಳ ಗಂಟಲಿನವರೆಗೆ ಬಂದು ಕೂತಿದ್ದವು.

“ಭಾವನಿಗೆ ಹೇಳಿದೆಯಾ?” ಎಂದೆ.

“ಹೇಳ್ಳಿಕ್ಕೆ ಬಿಡ್ಬೇಕಲ್ಲ ಮಾರಾಯ. ‘ನೋಡಿ, ಕಾರ್ಕಳದವ್ರು’ ಅಂತ ಶುರು ಮಾಡಿದೆ. ಕಾರ್ಕಳ ಅಂದದ್ದೇ ತಡ, ಅಲ್ಲಿಯ ಕಲ್ಲು, ಅಲ್ಲಿಯ ಅರಸರು, ಅಲ್ಲಿ ಇವ್ರಿಗೆ ಹಾಕಿದ ಶಾಲು. ಊಟ ಮುಗಿಯಿತು, ಅದು ಮುಗಿಯಲಿಲ್ಲ.”

“ಹೇಳದೆ ಹೋಗಿ ಸೇರಿಕೋ. ಎಂತ ಆಗ್ತದೆ?”

“ಹಾಗೆ ಮಾಡಿದ್ರೆ ಕದ್ದು ಹೋದ ಹಾಗೆ. ನಾನು ಹೇಳ್ಬೇಕು, ಅವ್ರು ಕೇಳ್ಬೇಕು. ಇಷ್ಟೇ ನನಗೆ ಬೇಕಾದದ್ದು.”

ಇಷ್ಟೇ ಎಂದಳು, ಸ್ನೇಹಿತರೇ. ಆದರೆ ಅವಳ ಕಣ್ಣು ತುಂಬಿತ್ತು, ಮಸೂರದ ನಂಬರು ಆ ದಿನ ಸರಿಯಾಗಿ ಸಿಗಲಿಲ್ಲ.

ಅಷ್ಟರಲ್ಲಿ ಅಕ್ಕನ ಮಗಳು ಅನುಪಮಾಳ ಫೋನು ಬಂತು. ಅವಳು ಸೇನೆಯಲ್ಲಿ ವೈದ್ಯೆ, ಆಗಷ್ಟೇ ಲೇಹಕ್ಕೆ ವರ್ಗವಾಗಿದ್ದಳು. ಚೌತಿ ಕಳೆದ ಮೇಲೆ ಅಪ್ಪ, ಅಮ್ಮ, ಮಾಮ ಮೂವರೂ ಬನ್ನಿ ಎಂದು ಕರೆದು, “ಆದ್ರೆ ಅಪ್ಪ, ಇಷ್ಟು ಎತ್ತರಕ್ಕೆ ಬರುವಾಗ ದೇಹ ಸ್ವಲ್ಪ ಸ್ವಲ್ಪವೇ ಹೊಂದಿಕೊಳ್ಬೇಕು, ಅದಕ್ಕೆ...” ಎಂದು ಹೇಳುತ್ತಿರುವಾಗಲೇ ಭಾವ ಅದನ್ನೂ ಪದ್ಯವೆಂದು ಎತ್ತಿಕೊಂಡುಬಿಟ್ಟರು. ಅದಕ್ಕೆ ಲೇಹದಲ್ಲಿ ಇಳಿದ ಮೇಲೆ ಎರಡು ದಿನ ಏನೂ ಮಾಡದೆ, ಹೆಚ್ಚು ಮಾತನ್ನೂ ಆಡದೆ ಸುಮ್ಮನೆ ಮಲಗಬೇಕು ಎಂಬುದು ಮಗಳು ಹೇಳಬೇಕೆಂದಿದ್ದ ಉಳಿದರ್ಧ. ಅದು ಫೋನಿನಲ್ಲೇ ಉಳಿಯಿತು. ಭಾವ ತಾವೇ ಅರ್ಥ ಮುಗಿಸಿದರು: ಸಮುದ್ರಮಟ್ಟದ ಕಾಪುವಿನವರು ನೇರವಾಗಿ ಹಿಮಾಲಯಕ್ಕೆ ಹೋಗಬಾರದು, ಹಂತಹಂತವಾಗಿ ಏರಬೇಕು, ಮೊದಲ ಹಂತ ಮಣಿಪಾಲ.

ನಮ್ಮ ಕಡೆಯವರಲ್ಲದ ಓದುಗರಿಗೆ ಒಂದು ಮಾತು. ಉಡುಪಿಯವರಿಗೆ ಮಣಿಪಾಲ ಎಂದರೆ “ಮೇಲೆ”. ಬಸ್ಸು ಗುಡ್ಡ ಹತ್ತುವಾಗ ಒಮ್ಮೆ ಗೇರು ಬದಲಿಸುತ್ತದೆ ಎನ್ನುವುದನ್ನು ಬಿಟ್ಟರೆ ಅದಕ್ಕೆ ಬೇರೆ ಆಧಾರವಿಲ್ಲ; ಆದರೂ ಅಲ್ಲಿ ಗಾಳಿ ಬೇರೆ, ಚಳಿ ಬೇರೆ, ಹಸಿವೆ ಬೇರೆ ಎಂದು ಕೆಳಗಿನ ನಾವು ನಂಬಿಕೊಂಡು ಬಂದಿದ್ದೇವೆ. ಪರ್ಕಳ ಮಣಿಪಾಲದ ಆಚೆಗಿರುವುದರಿಂದ ಭಾವನ ಲೆಕ್ಕದಲ್ಲಿ ಅದು ಇನ್ನಷ್ಟು ಹಿಮಾಲಯಕ್ಕೆ ಹತ್ತಿರ. ಹಾಗಾಗಿ ಚೌತಿ ಮುಗಿದ ಮರುದಿನ ನನ್ನ ಮನೆಯ ಮುಂದೆ ಆಟೋರಿಕ್ಷಾ ನಿಂತಿತು; ಅದರಿಂದ ಭಾವ, ಅಕ್ಕ, ಎರಡು ಕಂಬಳಿ, ಮಂಗನ ಟೊಪ್ಪಿ, ಮತ್ತು ಕೊರೋನಾ ಕಾಲದ ಈ ಆಕ್ಸಿಮೀಟರ್ ಇಳಿದರು. ಸೆಖೆಯಲ್ಲಿ ನಾನು ಬನಿಯನಿನಲ್ಲಿ ಕೂತಿದ್ದೆ.

“ತಲೆನೋವು ಉಂಟಾ ನಿನಗೆ? ವಾಂತಿ ಬಂದ ಹಾಗೆ? ಇಲ್ವಾ? ಹೌದು, ನೀನು ಇಲ್ಲೇ ಇದ್ದು ಅಭ್ಯಾಸ ಆದವ,” ಎಂದು ಭಾವ ನನ್ನನ್ನು ಟಿಬೆಟ್ಟಿನ ಗೊಲ್ಲನನ್ನು ನೋಡುವ ಗೌರವದಿಂದ ನೋಡಿದರು.

ಒಂದು ವಾರ ಅವರು ನಮ್ಮಲ್ಲಿ ಪರ್ವತವಾಸ ಮಾಡಿದರು. ಬೆಳಿಗ್ಗೆ ಎದ್ದು ಕಂಬಳಿ ಹೊದ್ದು ಪರ್ಕಳದ ಪೇಟೆಯವರೆಗೆ ಅತಿ ನಿಧಾನವಾಗಿ ನಡೆದು, ಬೆವರು ಒರೆಸಿಕೊಳ್ಳುತ್ತ ಹಿಂದಿರುಗಿ, ಬೆರಳನ್ನು ಯಂತ್ರಕ್ಕೆ ಒಪ್ಪಿಸುತ್ತಿದ್ದರು. ಆಗ ಒಂದು ಕಠಿಣ ನಿಯಮವನ್ನೂ ಜಾರಿಗೆ ತಂದರು: ಮೀಟರು ಯಾರ ಬೆರಳನ್ನು ಹಿಡಿದಿದೆಯೋ ಅವರು ಮಾತಾಡಬಾರದು, ಅಂಕಿ ಕೆಡುತ್ತದೆ. ಸ್ವತಃ ತಾವೂ ಅದನ್ನು ಶಾಲೆಯ ಪ್ರಾರ್ಥನೆಯ ಶಿಸ್ತಿನಿಂದ ಪಾಲಿಸಿದರು. ಎಚ್ಚರವಿರುವ ಭಾವ ಮೌನವಾಗಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕನೂ ಬಾಗಿಲಿನ ಮರೆಯಿಂದ ನೋಡುತ್ತಿದ್ದಳು. ಅಂಕಿ ಕಾಪುವಿನಲ್ಲಿ ಎಷ್ಟಿತ್ತೋ ಇಲ್ಲೂ ಅಷ್ಟೇ. ತಾನು ಎಷ್ಟು ಬೇಗ ಹೊಂದಿಕೊಂಡೆ ಎಂದು ಭಾವನಿಗೇ ಆಶ್ಚರ್ಯ.

ಎರಡನೆಯ ಹಂತ ಕಾರ್ಕಳ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಹತ್ತಿ ಗೊಮ್ಮಟನ ಪಾದದ ಬಳಿ ನಿಂತು ಭಾವ ಬೆರಳಿಗೆ ಯಂತ್ರ ಹಾಕಿಕೊಂಡರು. ಹತ್ತಿದ ಆಯಾಸಕ್ಕೋ ಬೆರಳಿನ ಬೆವರಿಗೋ ಅಂಕಿ ಒಂದು ಇಳಿದು ತೋರಿಸಿತು. “ನೋಡಿದ್ಯಾ! ಇಲ್ಲಿ ಗಾಳಿ ತೆಳು!” ಎಂದು ಅವರು ಕೂಗಿದ ಕೂಗಿಗೆ ಪಾರಿವಾಳಗಳು ಹಾರಿದವು. ಬಳಿಕ ಆ ಸಂತೋಷದಲ್ಲಿ, ನೂರಾರು ವರ್ಷಗಳಿಂದ ತುಟಿ ಬಿಚ್ಚದೆ ನಿಂತ ಆ ಮಹಾಮೌನಿಯ ಎದುರು, ಎತ್ತರದ ಮಹಿಮೆಯ ಬಗ್ಗೆ ಅರ್ಧ ಗಂಟೆ ಅರ್ಥ ಹೇಳಿದರು. ಅಕ್ಕ ಕೆಳಗಿನ ಊರನ್ನು ನೋಡುತ್ತ, “ಇಲ್ಲೇ ಎಲ್ಲೋ ಅವ್ರ ಅಭ್ಯಾಸ ನಡೀತದೆ ಅಂತೆ,” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಆ ಊರಿನಲ್ಲೇ ನಿಂತು ಕೂಡ ಅವಳ ವಾಕ್ಯಕ್ಕೆ ಜಾಗ ಸಿಗಲಿಲ್ಲ.

ಹೀಗೆ ಸಂಪೂರ್ಣ ಸಿದ್ಧತೆಯೊಂದಿಗೆ ನಾವು ವಿಮಾನ ಹತ್ತಿ ಲೇಹದಲ್ಲಿ ಇಳಿದೆವು. ಬಾಗಿಲಿನಿಂದ ಹೊರಗೆ ಕಾಲಿಟ್ಟಾಗ ಕಂಡದ್ದು ಬರೀ ನೀಲಿ, ಬರೀ ಕಂದು. ಹಸಿರೆಂಬುದನ್ನು ಯಾರೋ ಒರೆಸಿ ತೆಗೆದಿದ್ದರು. ಭಾವ ಕೈ ಮೇಲೆತ್ತಿ, “ಆಹಾ, ಪರ್ವತರಾಜನೇ, ಕಡಲ ತಡಿಯ ಕಾಪುವಿನಿಂದ ಹೊರಟು...” ಎಂದರು. ಅಲ್ಲಿಗೆ ನಿಂತಿತು. ಬಾಯಿ ತೆರೆದೇ ಇತ್ತು, ಒಳಗಿನಿಂದ ಸರಬರಾಜು ಇರಲಿಲ್ಲ. ಅವರು ಸುತ್ತ ನೋಡಿದರು, ಯಾರೋ ಮೈಕಿನ ತಂತಿ ಕಿತ್ತಿದ್ದಾರೇನೋ ಎಂಬಂತೆ.

ಮಗಳು ಮನೆಗೆ ಕರೆದೊಯ್ದು ಮಲಗಿಸಿ, ತಾನು ಹಿಂದೆ ಹೇಳಲಾಗದ್ದನ್ನು ಈಗ ಸಾವಧಾನವಾಗಿ ಹೇಳಿದಳು. ತಡೆಯಲು ಯಾರಿಗೂ ಉಸಿರಿರಲಿಲ್ಲ. ಗಾಳಿಯಲ್ಲಿ ಪ್ರಾಣವಾಯುವಿನ ಪಾಲು ಕಾಪುವಿನಲ್ಲೂ ಲೇಹದಲ್ಲೂ ಒಂದೇ ಅಂತೆ. ಆದರೆ ಇಲ್ಲಿ ಒತ್ತಡ ಕಡಿಮೆಯಾಗಿ ಇಡೀ ಗಾಳಿಯೇ ವಿರಳ. ಬಾಳೆಲೆಗೆ ಬರುವ ಪದಾರ್ಥಗಳೆಲ್ಲ ಅವೇ, ಬಡಿಸುವವರ ಕೈ ಮಾತ್ರ ಸಣ್ಣದು ಎಂದು ನಾನು ಅರ್ಥ ಮಾಡಿಕೊಂಡೆ. ಕತ್ತಿನ ಎರಡೂ ಬದಿಯಲ್ಲಿ, ನೆತ್ತರಿನ ನಾಳ ಕವಲೊಡೆಯುವಲ್ಲಿ, ಅಕ್ಕಿಕಾಳಿನಷ್ಟು ದೊಡ್ಡ ಕಾವಲುಗಾರರಿದ್ದಾರೆ. ಪ್ರಾಣವಾಯು ಕಡಿಮೆಯಾದದ್ದು ತಿಳಿದೊಡನೆ ಅವರು “ಬೇಗ ಬೇಗ ಉಸಿರಾಡು” ಎಂದು ಬೊಬ್ಬೆ ಹಾಕುತ್ತಾರೆ. ಹಾಗೆ ಬೇಗ ಉಸಿರಾಡಿದರೆ ಒಳಗಿನ ಇಂಗಾಲದ ಗಾಳಿ ಲೆಕ್ಕಕ್ಕಿಂತ ಹೆಚ್ಚು ಹೊರಹೋಗಿ, ನೆತ್ತರಿನ ಹುಳಿ ಕಡಿಮೆಯಾಗಿ, ಮಿದುಳು ಗಾಬರಿಯಿಂದ “ಸಾಕು, ನಿಲ್ಲಿಸು” ಎನ್ನುತ್ತದೆ. ಕತ್ತು ಹೌದೆನ್ನುತ್ತದೆ, ತಲೆ ಅಲ್ಲವೆನ್ನುತ್ತದೆ. ಇಂಥ ಜಗಳವನ್ನು ನಾನು ತಾಳಮದ್ದಳೆಯಲ್ಲಿ ಸಾಕಷ್ಟು ಕೇಳಿದ್ದೇನೆ. ಊಟವಾಗಿ ಮಲಗಿದ ಭಾವನ ಎದೆ ಜೋರಾಗಿ ಏರಿಳಿದು, ಆಮೇಲೆ ಮೆಲ್ಲಗಾಗಿ, ಒಂದು ಕ್ಷಣ ಪೂರ್ತಿ ನಿಂತು, ಮತ್ತೆ ಬೆಚ್ಚಿದಂತೆ ಏರುವುದನ್ನು ಕಂಡು ಅಕ್ಕ ಹೆದರಿದಳು. ಇದು ಆ ಜಗಳವೇ, ಹೆದರಬೇಡ ಎಂದಳು ಮಗಳು.

ಈ ಜಗಳವನ್ನು ಬಿಡಿಸುವವರು ಯಾರು ಗೊತ್ತೇ? ಮೂತ್ರಪಿಂಡಗಳು. ಯಾವ ಕವಿಯೂ ಇಂದಿನವರೆಗೆ ಹೊಗಳದ ಆ ಎರಡು ಬಡಪಾಯಿಗಳು ಕೆಲವು ದಿನ ತೆಗೆದುಕೊಂಡು, ನೆತ್ತರಿನಲ್ಲಿ ಹೆಚ್ಚಾದ ಕ್ಷಾರವನ್ನು ಸದ್ದಿಲ್ಲದೆ ಹೊರಗೆ ಸಾಗಿಸಿ, ಹುಳಿಯನ್ನು ಸಮಕ್ಕೆ ತರುತ್ತವೆ. ಮಿದುಳಿನ ಬಿಗಿ ಸಡಿಲುತ್ತದೆ, ಕತ್ತಿನ ಕಾವಲುಗಾರರ ಮಾತು ನಡೆಯುತ್ತದೆ, ಉಸಿರು ಹೆಚ್ಚುತ್ತದೆ. ಆಮೇಲೆ ನಿಧಾನಕ್ಕೆ, ವಾರಗಳ ಮೇಲೆ, ಕೆಂಪು ಕಣಗಳೂ ಹೆಚ್ಚುತ್ತವೆ. ಯಾರ ದೇಹ ಬೇಗ ಒಗ್ಗುತ್ತದೆ, ಯಾರದು ತಡ ಎಂದು ಮೊದಲೇ ಹೇಳಲು ಬಾರದಂತೆ; ಗಟ್ಟಿಮುಟ್ಟಾದವರು ಮಲಗಿಬಿಡುತ್ತಾರೆ, ಸಣಕಲರು ಓಡಾಡುತ್ತಾರೆ. ನಮ್ಮಲ್ಲಿ ಆದದ್ದೂ ಹಾಗೆಯೇ. ನಾಲ್ಕನೆಯ ದಿನ ಅಕ್ಕ ಮಗಳ ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಿದ್ದಳು. ಭಾವ ಕಿಟಕಿಯ ಬಳಿ ಕುರ್ಚಿಯಲ್ಲಿ ಮಂಗನ ಟೊಪ್ಪಿ ಹಾಕಿ ಕೂತು, ನಾಲ್ಕು ಶಬ್ದಕ್ಕೊಮ್ಮೆ ಗಾಳಿ ಎಳೆದುಕೊಳ್ಳುತ್ತಿದ್ದರು. ಅಪಾಯವೇನೂ ಇಲ್ಲ, ಮಾತು ಕಡಿಮೆ ಮಾಡಿದರೆ ಸಾಕು ಎಂದಿದ್ದಳು ಮಗಳು.

ಒಬ್ಬ ಮನುಷ್ಯನಿಗೆ ಒಂದು ಉಸಿರಿಗೆ ನಾಲ್ಕೇ ಶಬ್ದ ಎಂದು ಪಡಿತರ ಗೊತ್ತಾದರೆ ಅವನು ಏನನ್ನು ಬಿಡುತ್ತಾನೆ, ಏನನ್ನು ಇಟ್ಟುಕೊಳ್ಳುತ್ತಾನೆ? ಭಾವ ಮೊದಲು ಉಪಮೆಗಳನ್ನು ಬಿಟ್ಟರು. ಬಳಿಕ ವಿಶೇಷಣಗಳನ್ನು. “ಚಹಾ” ಎಂದು ಒಂದೇ ಶಬ್ದದಲ್ಲಿ ಅವರು ಚಹಾ ಕೇಳಿದ್ದನ್ನು ನಾನು ಈ ಕಿವಿಗಳಿಂದಲೇ ಕೇಳಿದೆ. ನಗು ಬಂತು, ಬಳಿಕ ಪಾಪ ಅನಿಸಿತು. ರಾಜ್ಯ ಕಳೆದುಕೊಂಡ ಅರಸನ ಮುಖ ಅವರದು.

ಆ ಸಂಜೆ ಅಕ್ಕ ದೋಸೆಕಾವಲಿಯನ್ನು ಒಲೆಯಿಂದ ಇಳಿಸಿ, ಸೆರಗಿಗೆ ಕೈ ಒರೆಸಿ, ಭಾವನ ಎದುರು ವೇದಿಕೆಯ ಮೇಲೆ ಕೂತಷ್ಟು ನೆಟ್ಟಗೆ ಕುರ್ಚಿಯಲ್ಲಿ ಕೂತಳು. ಸ್ವೆಟರಿನ ಮೇಲೆ ಶಾಲನ್ನು ಸರಿಮಾಡಿಕೊಂಡಳು. ತುಳುವಿನಲ್ಲಿ ಅಲ್ಲ, ಅಚ್ಚ ಕನ್ನಡದಲ್ಲಿ, ಅರ್ಥಗಾರಿಕೆಯ ಕನ್ನಡದಲ್ಲಿ, ಹೀಗೆಂದಳು:

“ಸ್ವಾಮೀ, ತಾವು ಅಂಗಳದಲ್ಲಿ ನಡೆಯುತ್ತ ಒಪ್ಪಿಸಿದ ಅರ್ಥಗಳನ್ನೆಲ್ಲ ನಾನು ಒಳಗಿನಿಂದ ಕೇಳುತ್ತ ಬಂದವಳು, ಎದುರಾಳಿಗಳು ತಮಗೆ ಹಾಕಿದ ಪ್ರಶ್ನೆಗಳು ನನಗೆ ಬಾಯಿಪಾಠ, ತಾವು ಆ ಗಳಿಗೆಗೆ ಮರೆತ ಉತ್ತರಗಳೂ ನನಗೆ ನೆನಪು, ಕಾರ್ಕಳದ ಹೆಂಗಸರ ತಂಡದವರು ರಾಣಿಯ ಪಾತ್ರಕ್ಕೆ ನನ್ನನ್ನು ಕರೆದು ಮಳೆಗಾಲದಿಂದ ಕಾಯುತ್ತಿದ್ದಾರೆ, ಇದನ್ನು ನಾನು ಎಷ್ಟೋ ಸಲ ಆರಂಭಿಸಿದ್ದೇನೆ, ಒಮ್ಮೆಯೂ ಮುಗಿಸಿಲ್ಲ, ನಾನು ಅಪ್ಪಣೆ ಬೇಡುತ್ತಿಲ್ಲ, ತಾವು ನನ್ನ ಮಾತನ್ನು ಕೊನೆಯವರೆಗೆ ಕೇಳಬೇಕೆಂದಷ್ಟೇ ಬೇಡುತ್ತಿದ್ದೇನೆ, ಏಕೆಂದರೆ ನನ್ನ ಮಾತು ತಮಗೆ ಕೇಳಿಸದ ಮನೆಯಿಂದ ಹೊರಟು ಸಭೆಗೆ ಕೇಳಿಸಲು ಹೋಗುವುದು ನನಗೆ ಇಷ್ಟವಿಲ್ಲ, ಆದರೂ ನಾನು ಹೋಗುತ್ತೇನೆ.”

ಹನ್ನೊಂದು ಸಾವಿರ ಅಡಿಯ ಎತ್ತರದಲ್ಲಿ, ಒಂದೇ ಉಸಿರಿನಲ್ಲಿ. ನಾನೂ ಅನುಪಮಾಳೂ ಬಾಗಿಲಿನಲ್ಲಿ ನಿಂತು ಉಸಿರು ಹಿಡಿದುಕೊಂಡಿದ್ದೆವು. ಅಲ್ಲಿ ಅದು ಸುಲಭದ ಕೆಲಸವಲ್ಲ.

ಮಧ್ಯದಲ್ಲಿ, “ಕಾರ್ಕಳ” ಎಂಬಲ್ಲಿ, ಭಾವನ ಬಾಯಿ ಅಭ್ಯಾಸಬಲದಿಂದ ತೆರೆದಿತ್ತು. ಆದರೆ ಗಾಳಿ ಒಳಗೆ ಬರುವುದರಲ್ಲೇ ತೊಡಗಿತ್ತು, ಮಾತು ಹೊರಗೆ ಹೋಗಲು ದಾರಿ ಇರಲಿಲ್ಲ. ಹಾಗಾಗಿ ಅವರು ಕೇಳಿದರು. ಕೊನೆಯವರೆಗೂ ಕೇಳಿದರು. ಆಮೇಲೆ ಒಂದು ಉಸಿರು ಎಳೆದು, “ಇನ್ನೊಮ್ಮೆ,” ಎಂದರು. ಮತ್ತೊಂದು ಉಸಿರು ಎಳೆದು, “ಹೇಳು,” ಎಂದರು. ಅಕ್ಕ ಇನ್ನೊಮ್ಮೆ ಹೇಳಿದಳು. ಎರಡನೆಯ ಸಲ ಭಾವ ಟೊಪ್ಪಿಯನ್ನು ಕಣ್ಣಿನವರೆಗೆ ಎಳೆದುಕೊಂಡರು.

ಇಲ್ಲಿಗೆ ನಿಲ್ಲಿಸಿದ್ದರೆ ಪ್ರಬಂಧ ಚೆನ್ನಾಗಿ ಮುಗಿಯುತ್ತಿತ್ತು. ಆದರೆ ನಮಗೆ ಊರಿಗೆ ಇಳಿಯಬೇಕಿತ್ತಲ್ಲ. ಮಂಗಳೂರಿನಲ್ಲಿ ವಿಮಾನದ ಬಾಗಿಲು ತೆರೆದು, ಒದ್ದೆ ಬಟ್ಟೆಯಂಥ ನಮ್ಮ ದಪ್ಪ ಗಾಳಿ ಮುಖಕ್ಕೆ ಹೊಡೆದದ್ದೇ ಭಾವ ಮಾತು ಶುರುಮಾಡಿದರು. ಮುಲ್ಕಿ ದಾಟಿದರೂ ನಿಲ್ಲಲಿಲ್ಲ, ಪಡುಬಿದ್ರಿ ದಾಟಿದರೂ ನಿಲ್ಲಲಿಲ್ಲ. ಹದಿನೈದು ದಿನ ಎತ್ತರದಲ್ಲಿದ್ದವರ ನೆತ್ತರು ಊರಿಗೆ ಬಂದ ಮೇಲೂ ಕೆಲವು ದಿನ ಗಟ್ಟಿಯಾಗಿಯೇ ಇರುತ್ತದೆ ಎಂದು ಮಗಳು ಬಾಯಿತಪ್ಪಿ ಹೇಳಿದ್ದಳು. ಭಾವ ಅದನ್ನು ವರವೆಂದು ಸ್ವೀಕರಿಸಿದ್ದರು. ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ನನಗೆ ಅವಳ ಸಂಕಟ ಗೊತ್ತಿತ್ತು. ಅಲ್ಲಿ ಅವರು ಕೇಳಿದ್ದು ಮನಸ್ಸಿನಿಂದಲೋ ಅಥವಾ ಗಾಳಿ ಸಾಲದ್ದರಿಂದಲೋ? ಎತ್ತರದಲ್ಲಿ ಒಗ್ಗಿದ್ದೆಲ್ಲ ತಗ್ಗಿಗೆ ಬಂದರೆ ಬಿಟ್ಟುಹೋಗುತ್ತದೆಂಬುದು ದೇಹದ ನಿಯಮ. ಪ್ರೀತಿಯ ನಿಯಮವೂ ಅದೇ ಆಗಿದ್ದರೆ ಏನು ಗತಿ ಎಂದು ನನಗೂ ನಿಜವಾಗಿ ಭಯವಾಯಿತು.

ಮರುದಿನ ನಾನು ಕಾಪುವಿನಲ್ಲಿ, ಅಕ್ಕನ ಮನೆಯಲ್ಲೇ ಇದ್ದೆ. ಬೆಳಿಗ್ಗೆ ಚಹಾದ ಹೊತ್ತಿಗೆ ಅಕ್ಕ, “ನೋಡಿ, ಶನಿವಾರ ಕಾರ್ಕಳದಲ್ಲಿ...” ಎಂದಳು. “ಕಾರ್ಕಳ!” ಎಂದರು ಭಾವ, “ಕಾರ್ಕಳವೆಂದರೆ ಅದೇನು ಸಾಮಾನ್ಯವೇ, ಆ ಶಿಲೆ...” ಅಕ್ಕ ಸಿಟ್ಟಾಗಲಿಲ್ಲ. ಎದ್ದುಹೋಗಿ, ಚೀಲದಿಂದ ಆಕ್ಸಿಮೀಟರ್ ತಂದು, ಭಾವನ ಬಲಗೈಯ ತೋರುಬೆರಳನ್ನು ಹಿಡಿದು ಅದಕ್ಕೆ ಕಚ್ಚಿಸಿದಳು.

ಭಾವನ ಮಾತು ನಿಂತಿತು. ನಿಯಮ ಅವರದೇ. ಮಾಸ್ಟ್ರು ತಾವೇ ಹಾಕಿದ ನಿಯಮವನ್ನು ಮುರಿಯುವವರಲ್ಲ. ಕೆಂಪು ಬೆಳಕಿನಲ್ಲಿ ಬೆರಳು ಹೊಳೆಯುತ್ತಿತ್ತು, ಅಂಕಿ ಏರುತ್ತಿತ್ತು, ಅಕ್ಕ ತನ್ನ ವಾಕ್ಯವನ್ನು ಕ್ರಿಯಾಪದದವರೆಗೆ ಕರೆದುಕೊಂಡು ಹೋದಳು: “ಶನಿವಾರ ಕಾರ್ಕಳದಲ್ಲಿ ನನಗೆ ಅಭ್ಯಾಸ ಉಂಟು, ಸಂಜೆ ಬಸ್ಸಿಗೆ ಬರ್ತೇನೆ, ಅನ್ನ ಕುಕ್ಕರಿನಲ್ಲಿ ಇಟ್ಟಿರ್ತೇನೆ, ಸಾರು ನೀವು ಬಿಸಿ ಮಾಡಿಕೊಳ್ಬೇಕು.” ಆಮೇಲೆ ಯಂತ್ರವನ್ನು ಬಿಚ್ಚಿ, ಮೆಂತೆಯ ಪಕ್ಕದ ಖಾಲಿ ಡಬ್ಬಿಗೆ ಹಾಕಿದಳು. ಕೈಗೆ ಸುಲಭವಾಗಿ ಸಿಗುವ ಜಾಗ.

ದೀಪಾವಳಿ ಕಳೆದ ಮೇಲೆ ಕಾರ್ಕಳದ ಒಂದು ಸಭಾಭವನದಲ್ಲಿ ಹೆಂಗಸರ ತಂಡದ ತಾಳಮದ್ದಳೆ ನಡೆಯಿತು. ಅಕ್ಕ ರಾಣಿಯಾಗಿ ಕೂತಿದ್ದಳು, ಎದುರಿಗೆ ರಾಜನ ಅರ್ಥ ಹೇಳಿದವರು ಅನುಭವಸ್ಥೆ. ಭಾವನನ್ನು ಕರೆತಂದದ್ದು ನಾನು. ದಾರಿಯುದ್ದಕ್ಕೂ ಮಾತಾಡಿದ್ದರು, ಪದ್ಯ ಶುರುವಾದ ಮೇಲೆ ಏನಾಗುವುದೋ ಎಂದು ನಾನು ಅವರ ಪಕ್ಕದಲ್ಲೇ ಕೂತೆ. ಸಭೆಯಲ್ಲಿ ಕೂತು ವೇದಿಕೆಯವರಿಗೆ ಉತ್ತರ ಹೇಳಿಕೊಟ್ಟ ಚರಿತ್ರೆ ಅವರಿಗುಂಟು. ರಾಜ ಒಂದು ಗಟ್ಟಿ ಪ್ರಶ್ನೆ ಎಸೆದ. ಅಕ್ಕ ಒಂದು ಕ್ಷಣ ತಡೆದಳು. ಪಕ್ಕದಲ್ಲಿ ಭಾವ ಮುಂದಕ್ಕೆ ಬಾಗಿದ್ದು ನನಗೆ ಗೊತ್ತಾಯಿತು, ಕೈಹಿಡಿದು ತಡೆಯೋಣವೆಂದು ತಿರುಗಿದೆ. ಅವರ ತೋರುಬೆರಳಿಗೆ ಆಕ್ಸಿಮೀಟರ್ ಕಚ್ಚಿಕೊಂಡಿತ್ತು. ಯಾವಾಗ ಡಬ್ಬಿಯಿಂದ ತೆಗೆದು ಜೇಬಿಗೆ ಹಾಕಿದ್ದರೋ. ತುಟಿ ಬಿಗಿದು, ಕಣ್ಣು ಅರಳಿಸಿ ಅವರು ಅಕ್ಕನನ್ನೇ ನೋಡುತ್ತಿದ್ದರು. ಅಕ್ಕ ಉತ್ತರ ಹೇಳಿದಳು. ಉದ್ದದ ಉತ್ತರ, ಸಭೆ ಚಪ್ಪಾಳೆ ತಟ್ಟಿತು, ಭಾವ ಒಂದೇ ಕೈಯಿಂದ ತೊಡೆ ತಟ್ಟಿದರು.

ಆಗ ನಾನು ಅವರ ಬೆರಳನ್ನು ಸರಿಯಾಗಿ ನೋಡಿದೆ. ಯಂತ್ರದಲ್ಲಿ ಅಂಕಿ ಇರಲಿಲ್ಲ, ಬೆಳಕೂ ಇರಲಿಲ್ಲ. ಬ್ಯಾಟರಿ ಯಾವತ್ತೋ ಮುಗಿದಿತ್ತು.

ಮುಂದಿನ ಸಲ ಕಾಪುವಿಗೆ ಹೋಗುವಾಗ ನಾನು ಹೊಸ ಬ್ಯಾಟರಿ ಕೊಂಡುಹೋಗಿ ಕೊಟ್ಟೆ. ಅಕ್ಕ ಅದನ್ನು ಟಿವಿಯ ರಿಮೋಟಿಗೆ ಹಾಕಿದಳು.